ಹಿಂದೆ ಬಿದ್ದ ಹೀರೋಗೆ ಕಲಂ 78!

ಪರದೆ ಮೇಲೆ ಹೀರೋ ಸರ್ರನೆ ಬೈಕು ನಿಲ್ಲಿಸ್ತಾನೆ. ಕಾಲೇಜಿನಿಂದ ಬರುವ ನಾಯಕಿಗೆ ಅಡ್ಡ ಹಾಕ್ತಾನೆ. ಅವಳು ಮುಖ ತಿರುಗಿಸ್ತಾಳೆ, ಬೈತಾಳೆ, ಒಮ್ಮೊಮ್ಮೆ ಚಪ್ಪಲಿಯನ್ನೂ ತೋರಿಸ್ತಾಳೆ. ಇವನು ಬಿಡೋ ಆಸಾಮಿಯೇ? ಇಂಟರ್‌ವಲ್ ಹೊತ್ತಿಗೆ ಡ್ಯುಯೆಟ್ಟು ಶುರು! ಇಂಥ ಸೀನಿಗೆ ಮುಂದಿನ ಸಾಲಿನಲ್ಲಿ ಕೂತು ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಮಿತ್ರರೇ.

ಮೊನ್ನೆ ವಕೀಲಿಕೆ ಮಾಡುವ ಗೆಳೆಯನೊಬ್ಬ ಕೇಳಿದ: "ಲೇ, ಆ ನಿನ್ನ ಹೀರೋನ ಪರದೆಯಿಂದ ಇಳಿಸಿ ನಮ್ಮೂರ ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟರೆ ಏನಾಗುತ್ತೆ ಗೊತ್ತೇನೋ?"

ಏನಾಗುತ್ತೆ? ಕಲಂ 78 ಆಗುತ್ತೆ!

1860ರ ಹಳೇ ದಂಡ ಸಂಹಿತೆಯಲ್ಲಿ ಹಿಂಬಾಲಿಸುವುದಕ್ಕೆ ಅಂತ ಪ್ರತ್ಯೇಕ ಕಲಂ ಇರಲಿಲ್ಲ. 2012ರ ಡಿಸೆಂಬರ್‌ನಲ್ಲಿ ದೆಹಲಿ ಬಸ್ಸಿನ ಆ ಘೋರ ನಡೆದ ಮೇಲೆ, 2013ರಲ್ಲಿ 354-ಡಿ ಅಂತ ಸೇರಿಸಿದರು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಕಲಂ 78. ಹೆಣ್ಣು ತನಗೆ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ, ಸಲಿಗೆ ಬೆಳೆಸೋಕೆ ಗಂಡಸು ಅವಳನ್ನು ಹಿಂಬಾಲಿಸಿ ಮತ್ತೆ ಮತ್ತೆ ಮಾತಾಡಿಸಿದರೆ, ಮಾತಾಡಿಸಲು ಯತ್ನಿಸಿದರೂ, ಅಪರಾಧ. ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡ್ತಾಳೆ ಅಂತ ನಿಗಾ ಇಟ್ಟರೂ ಅಷ್ಟೇ. ಮೊದಲ ಸಲ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಎರಡನೇ ಸಲ 5 ವರ್ಷದವರೆಗೆ.

"ಹಾಗಾದ್ರೆ ಹುಡುಗಿನ ಮಾತಾಡಿಸೋದೇ ತಪ್ಪಾ?" ಅಂತ ನೀವು ಕೇಳ್ತೀರಿ. ನಾನೂ ಕೇಳಿದೆ. ಅಲ್ಲವಂತೆ. ಮರ್ಯಾದೆಯಿಂದ ಒಂದು ಸಲ ಕೇಳಿದ್ದಕ್ಕೆ ಈ ಕಲಂ ಇಲ್ಲ. ಅವಳು ಬೇಡ ಅಂದ ಮೇಲೆ ಏನು ಮಾಡಿದೆ ಅನ್ನೋದೇ ಇಲ್ಲಿ ಪ್ರಶ್ನೆ. ನಮ್ಮ ಸಿನಿಮಾ ಕಥೆ ಶುರುವಾಗೋದೇ ಅಲ್ಲಿಂದ ನೋಡಿ!

ಉಳಿದ ಸೀನುಗಳಿಗೂ ಕಲಂ ಇವೆ. ಲೈಂಗಿಕ ಧಾಟಿಯ ಮಾತಾಡಿದರೆ 75: ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಎರಡೂ ಆಗಬಹುದು. ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಮಾಡಿದ ಸದ್ದು, ಸನ್ನೆಗೆ 79. ಅದೇ ಉದ್ದೇಶದಿಂದ ಮೈಮೇಲೆ ಕೈ ಹಾಕಿದರೆ 74, ಕನಿಷ್ಠ ಒಂದು ವರ್ಷ ಒಳಗೆ.

ಸಿನಿಮಾ ನೋಡಿ ಯಾರು ಕೆಡ್ತಾರೆ ಸ್ವಾಮೀ ಅಂತ ನಾನೂ ಸಾವಿರ ಸಲ ವಾದ ಮಾಡಿದವನೇ. ಆದರೆ 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹೆಂಗಸರ ಬೆನ್ನು ಬಿದ್ದ ಭಾರತೀಯನೊಬ್ಬನ ವಕೀಲರು ಕೋರ್ಟಿನಲ್ಲಿ ಇಟ್ಟ ವಾದವೇ ಅದು: ಹಿಂದಿ ಸಿನಿಮಾ ನೋಡಿ ಹೀಗೇ ಪ್ರೀತಿಸಬೇಕು ಅಂದುಕೊಂಡಿದ್ದ ಅಂತ! 5 ವರ್ಷ ಸನ್ನಡತೆಯ ಷರತ್ತಿನ ಮೇಲೆ ಅವನು ಜೈಲು ತಪ್ಪಿಸಿಕೊಂಡ.

ಅದನ್ನು ಓದಿ ನನಗೆ ನಗು ಬರಲಿಲ್ಲ.

2014ರಲ್ಲಿ ನಾನು ಪಿಯುಸಿ. ಎಂಟೂಕಾಲರ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳ ಹಿಂದೆ ಎರಡು ತಿಂಗಳು ಅಲೆದೆ. ಚೀಟಿ ಕೊಟ್ಟೆ, ಹರಿದು ಹಾಕಿದಳು. "ದಯವಿಟ್ಟು ಬರಬೇಡಿ" ಅಂದಳು. ಆಹಾ, ಥೇಟ್ ಹೀರೋಯಿನ್ ಅಂದುಕೊಂಡೆ! ಆಮೇಲೆ ಅವಳ ಅಣ್ಣ ಜೊತೆಗೆ ಬರತೊಡಗಿದ. ಆಮೇಲೆ ಅವಳೇ ಬರಲಿಲ್ಲ. ಮನೆಯಲ್ಲಿ ಕಾಲೇಜು ಬಿಡಿಸಿದರು ಅಂತ ಅವಳ ಗೆಳತಿ ಹೇಳಿದಳು. ಕಾನೂನು ಬಂದು ಆಗಲೇ ಒಂದು ವರ್ಷವಾಗಿತ್ತು.

ನಾನು ಪಿಯುಸಿ ಬಿಟ್ಟದ್ದು ಫೇಲಾಗಿ. ಅವಳಿಗೆ ಫಸ್ಟ್ ಕ್ಲಾಸ್ ಬರ್ತಿತ್ತು.