ಕವರ್ ಮೇಲೆ ಹುಡುಗಿ ಎಲ್ಲಿ?

ಕಳೆದ ತಿಂಗಳು ಅಕ್ಕನ ಮಗಳಿಗೆ ಒಂಬತ್ತು ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕೇ ಅಂತ ಕೇಳಿದರೆ "ವಿಡಿಯೋ ಗೇಮ್" ಅಂದಳು. ಸರಿ ಅಂತ ಮಾಲ್‌ನಲ್ಲಿರುವ ಗೇಮ್ ಅಂಗಡಿಗೆ ಕರೆದುಕೊಂಡು ಹೋದೆ. ಗೋಡೆ ತುಂಬಾ ಸಾಲಾಗಿ ಜೋಡಿಸಿದ ಬಾಕ್ಸ್‌ಗಳು. ಒಂದು ಕಡೆಯಿಂದ ನೋಡುತ್ತಾ ಹೋದವಳು ಅರ್ಧಕ್ಕೇ ನಿಂತುಬಿಟ್ಟಳು.

"ಚಿಕ್ಕಿ, ಇವೆಲ್ಲಾ ಅಣ್ಣಂದು. ನಂದು ಎಲ್ಲಿದೆ?"

"ಎಲ್ಲಾ ಎಲ್ಲರದ್ದೂ ಕಣೇ" ಅಂದೆ.

"ಮತ್ತೆ ಕವರ್ ಮೇಲೆ ಹುಡುಗೀರೇ ಇಲ್ವಲ್ಲ?"

ನಾನೂ ತಲೆಯೆತ್ತಿ ನೋಡಿದೆ. ಕತ್ತಿ ಹಿಡಿದವನು, ಬಂದೂಕು ಹಿಡಿದವನು, ಚೆಂಡು ಒದೆಯುವವನು. ಹುಡುಗಿಯರು ಇರಲೇ ಇಲ್ಲ ಅಂತಲ್ಲ. ಇದ್ದರು, ಆದರೆ ಅವನ ಬೆನ್ನ ಹಿಂದೆ, ಒಂದು ಮೂಲೆಯಲ್ಲಿ. ನಮ್ಮ ಎಷ್ಟೋ ಸಿನಿಮಾ ಪೋಸ್ಟರ್‌ಗಳಲ್ಲಿ ನಾಯಕಿ ಇರುತ್ತಾಳಲ್ಲ, ಹಾಗೆ.

ನಾನು ದಾವಣಗೆರೆಯಲ್ಲಿ ಬೆಳೆದವಳು. ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರಲ್ಲಿನ ಆಟಗಳೆಲ್ಲಾ ಅಣ್ಣನವು ಅಂತ ನಾನೂ ಹೀಗೇ ನಂಬಿದ್ದೆ. ನೀನು ಆಡಬೇಡ ಅಂತ ಯಾರೂ ಹೇಳಿರಲಿಲ್ಲ. ಸಿ.ಡಿ. ಕವರ್ ನೋಡಿ ನಾನೇ ಅರ್ಥ ಮಾಡಿಕೊಂಡಿದ್ದೆ, ಅಷ್ಟೇ. ಇಪ್ಪತ್ತು ವರ್ಷ ಆದಮೇಲೂ ಒಂದು ಮಗು ಅದನ್ನೇ ಅರ್ಥ ಮಾಡಿಕೊಂಡಿತಲ್ಲ ಅಂತ ಮನಸ್ಸಿಗೆ ಚುಚ್ಚಿತು.

ಮೊದಲು ಇಡೀ ಮನೆಗೆ, ಆಮೇಲೆ ಹುಡುಗರಿಗೆ

ಆರಂಭದಲ್ಲಿ ಹೀಗಿರಲಿಲ್ಲ. 1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ ತಂದಾಗ, ಅದನ್ನು ಮನೆಮಂದಿಯೆಲ್ಲಾ ಕೂತು ಆಡುವ ವಸ್ತು ಅಂತಲೇ ಜಾಹೀರಾತು ಮಾಡಿತ್ತು. ಆ ಕಾಲದ ಆಟದೊಳಗೆ ಇರುತ್ತಿದ್ದುದು ನಾಲ್ಕು ಚೌಕ, ಎರಡು ಗೆರೆ. ಅದನ್ನೇ ಕವರ್ ಮೇಲೆ ಹಾಕಿದರೆ ಯಾರು ಕೊಳ್ಳುತ್ತಾರೆ? ಹಾಗಾಗಿ ಚಿತ್ರ ಕಲಾವಿದರಿಂದ ಸಿನಿಮಾ ಪೋಸ್ಟರ್‌ನಂಥ ಬಣ್ಣದ ಚಿತ್ರ ಬರೆಸಿದರು. ಹೊರಗೆ ಯುದ್ಧಭೂಮಿ, ಒಳಗೆ ಚುಕ್ಕಿಗಳು. ಉಳಿದದ್ದನ್ನು ಆಡುವವರು ಕಲ್ಪಿಸಿಕೊಳ್ಳಬೇಕಿತ್ತು.

1983ರ ಹೊತ್ತಿಗೆ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಕಳಪೆ ಆಟಗಳು ಅಂಗಡಿ ತುಂಬಾ ರಾಶಿ ಬಿದ್ದು, ಜನ ನಂಬಿಕೆ ಕಳೆದುಕೊಂಡಿದ್ದರು. 1985ರಲ್ಲಿ ಜಪಾನಿನ ನಿಂಟೆಂಡೊ ಅಲ್ಲಿಗೆ ಕಾಲಿಟ್ಟಾಗ ಎರಡು ಉಪಾಯ ಮಾಡಿತು. ಒಂದು, ಕಪ್ಪು ಬಾಕ್ಸ್ ಮೇಲೆ ಆಟದೊಳಗಿನ ಚೌಕ ಚೌಕದ ಚಿತ್ರವನ್ನೇ ದೊಡ್ಡದಾಗಿ ಹಾಕಿತು. ನೋಡಿದ್ದೇ ಸಿಗುತ್ತದೆ, ಮೋಸ ಇಲ್ಲ ಅನ್ನುವ ಹಾಗೆ. ಎರಡು, ವಿಡಿಯೋ ಗೇಮ್ ಅನ್ನುವ ಬದಲು ಆಟಿಕೆ ಅಂತ ಮಾರಿತು. ಜೊತೆಗೊಂದು ಪುಟ್ಟ ರೋಬೋಟನ್ನೂ ಕೊಟ್ಟಿತು.

ಆದರೆ ಆಟಿಕೆ ಅಂಗಡಿಗಳಲ್ಲಿ ಗಂಡುಮಕ್ಕಳ ಸಾಲು ಬೇರೆ, ಹೆಣ್ಣುಮಕ್ಕಳ ಸಾಲು ಬೇರೆ. ಗೇಮ್‌ಗಳು ಹೋಗಿ ಕೂತಿದ್ದು ಗಂಡುಮಕ್ಕಳ ಸಾಲಿನಲ್ಲಿ. ಮುಂದೆ ಜಾಹೀರಾತು, ಕವರ್ ಎಲ್ಲಾ ಅದೇ ಸಾಲಿಗೆ ತಕ್ಕ ಹಾಗೆ ಬದಲಾದವು. ಅಂಗಡಿಯವರ ಅನುಕೂಲಕ್ಕೆ ಮಾಡಿದ ವಿಂಗಡಣೆ ನಿಧಾನಕ್ಕೆ "ಹುಡುಗಿಯರಿಗೆ ಗೇಮ್ ಇಷ್ಟವಿಲ್ಲ" ಅನ್ನುವ ನಂಬಿಕೆಯಾಗಿ ಕೂತುಬಿಟ್ಟಿತು.

ಊರಿಗೊಂದು ಮುಖ

ಅದೇ ಆಟ ಬೇರೆ ದೇಶಕ್ಕೆ ಹೋದರೆ ಕವರ್ ಕೂಡ ಬದಲಾಗುತ್ತದೆ. ನಿಂಟೆಂಡೊದ ಕರ್ಬಿ ಅನ್ನುವ ಪಾತ್ರ ನೋಡಿದ್ದೀರಾ? ಗುಲಾಬಿ ಬಣ್ಣದ, ಗುಂಡಗಿನ, ಮುದ್ದು ಮುದ್ದಾದ ಪ್ರಾಣಿ. 1992ರಲ್ಲಿ ಮೊದಲ ಆಟ ಅಮೆರಿಕಕ್ಕೆ ಹೋದಾಗ ಕವರ್ ಮೇಲೆ ಅದು ಬೆಳ್ಳಗಿತ್ತು! ಆಗಿನ ಗೇಮ್ ಬಾಯ್ ಪರದೆಯಲ್ಲಿ ಬಣ್ಣ ಕಾಣುತ್ತಿರಲಿಲ್ಲವಲ್ಲ. ಆಮೇಲೆ ಬಂದ ಹಲವು ಆಟಗಳಲ್ಲಿ ಇನ್ನೊಂದು ತಮಾಷೆ. ಜಪಾನಿನ ಕವರ್ ಮೇಲೆ ಕರ್ಬಿ ನಗುತ್ತಿದ್ದರೆ, ಅಮೆರಿಕದ ಕವರ್ ಮೇಲೆ ಹುಬ್ಬು ಗಂಟಿಕ್ಕಿಕೊಂಡಿರುತ್ತದೆ. ಜಪಾನಿನಲ್ಲಿ ಮುದ್ದು ಮುಖವೇ ಎಲ್ಲರನ್ನೂ ಸೆಳೆಯುತ್ತದೆ, ಅಮೆರಿಕದಲ್ಲಿ ಹೋರಾಡುವ ಕರ್ಬಿ ಹೆಚ್ಚು ಇಷ್ಟವಾಗುತ್ತದೆ ಅನ್ನುವ ಅರ್ಥದಲ್ಲಿ ಅದರ ನಿರ್ದೇಶಕ ಶಿನ್ಯಾ ಕುಮಾಜಾಕಿಯವರೇ ಹೇಳಿದ್ದಾರೆ. ಆಟ ಅದೇ. ಸಿಟ್ಟು ಮಾತ್ರ ಎಕ್ಸ್‌ಟ್ರಾ.

2001ರ ಇಕೊ ಆಟದ ಕಥೆ ಬೇರೆ ಥರ. ಕೊಂಬಿರುವ ಒಬ್ಬ ಹುಡುಗ, ಒಬ್ಬ ಹುಡುಗಿಯ ಕೈ ಹಿಡಿದು ಪಾಳು ಕೋಟೆಯಿಂದ ಪಾರಾಗುವುದೇ ಆಟ. ನಿರ್ದೇಶಕ ಫುಮಿಟೊ ಉಯೆದಾ, ಇಟಲಿಯ ಕಲಾವಿದ ಡಿ ಕಿರಿಕೊ ಶೈಲಿಯಿಂದ ಪ್ರೇರಣೆ ಪಡೆದು ಕವರ್ ಚಿತ್ರವನ್ನು ತಾವೇ ಬರೆದರು. ದೊಡ್ಡ ಬಯಲು, ಉದ್ದನೆಯ ನೆರಳು, ಕೈ ಕೈ ಹಿಡಿದು ಓಡುವ ಎರಡು ಪುಟ್ಟ ಆಕೃತಿಗಳು. ಜಪಾನ್ ಮತ್ತು ಯುರೋಪಿನಲ್ಲಿ ಬಂದಿದ್ದು ಇದೇ. ಅಮೆರಿಕದಲ್ಲಿ ಮಾತ್ರ ಅದನ್ನು ಬಿಟ್ಟು, ಹುಡುಗ ಕೈಯಲ್ಲಿ ಆಯುಧ ಹಿಡಿದು ಮುಂದೆ ನಿಂತಿರುವ ಚಿತ್ರ ಹಾಕಿದರು. ಆಟದ ಜೀವವೇ ಕೈ ಹಿಡಿಯುವುದು, ಕವರ್ ಹೇಳಿದ್ದು ಹೊಡೆಯುವುದನ್ನು. ಗೇಮ್ ಪ್ರಿಯರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಯಾರನ್ನು ಕೇಳಿದಿರಿ?

2013ರಲ್ಲಿ ಎರಡು ಆಟಗಳು ಬಂದವು. ಬಯೋಶಾಕ್ ಇನ್ಫಿನಿಟ್‌ನಲ್ಲಿ ಎಲಿಜಬೆತ್ ಅನ್ನುವ ಹುಡುಗಿಯೇ ಕಥೆಯ ಕೇಂದ್ರ. ಆದರೆ ಬಾಕ್ಸ್ ಮುಂದೆ ನಿಂತವನು ಬಂದೂಕು ಹಿಡಿದ ಗಂಡಸು, ಒಬ್ಬನೇ. ಅಭಿಮಾನಿಗಳು ಬೇಸರ ಮಾಡಿಕೊಂಡಾಗ ನಿರ್ದೇಶಕ ಕೆನ್ ಲೆವೀನ್ ಮುಚ್ಚುಮರೆಯಿಲ್ಲದೆ ಹೇಳಿದರು: ನಾವು ಕಾಲೇಜು ಹುಡುಗರ ಹಾಸ್ಟೆಲ್‌ನಂಥ ಮನೆಗಳಿಗೆ ಹೋಗಿ ಮಾತಾಡಿಸಿದೆವು, ಅವರಿಗೆ ನಮ್ಮ ಆಟದ ಹೆಸರೇ ಗೊತ್ತಿರಲಿಲ್ಲ, ಈ ಕವರ್ ಅವರಿಗಾಗಿ ಅಂತ. ಆಮೇಲೆ ಅಭಿಮಾನಿಗಳ ಮತ ಪಡೆದು, ಕವರ್ ತಿರುಗಿಸಿ ಹಾಕಿಕೊಂಡರೆ ಬೇರೆ ಚಿತ್ರ ಕಾಣುವ ಹಾಗೆ ಮಾಡಿದರು.

ಇನ್ನೊಂದು ದಿ ಲಾಸ್ಟ್ ಆಫ್ ಅಸ್. ಇದರಲ್ಲಿರುವ ಹದಿನಾಲ್ಕು ವರ್ಷದ ಹುಡುಗಿಯ ಹೆಸರೇ ಎಲ್ಲಿ! ಅವಳನ್ನು ಕವರ್‌ನ ಹಿಂಬದಿಗೆ ತಳ್ಳಿ ಅನ್ನುವ ಒತ್ತಡ ಬಂತು, ತಯಾರಕರು ಒಪ್ಪಲಿಲ್ಲ. ಇನ್ನೂ ದೊಡ್ಡ ವಿಷಯ ಏನು ಗೊತ್ತಾ? ಆಟವನ್ನು ಜನರಿಗೆ ತೋರಿಸಿ ಅಭಿಪ್ರಾಯ ಕೇಳುವ ಪರೀಕ್ಷೆಗೆ ಹೆಂಗಸರನ್ನು ಕರೆಯುವ ಯೋಚನೆಯೇ ಸಮೀಕ್ಷೆಯವರಿಗೆ ಇರಲಿಲ್ಲ. ತಯಾರಕರೇ ಹಟ ಹಿಡಿದು ಸೇರಿಸಬೇಕಾಯಿತು. ಎಲ್ಲಿ ಕವರ್ ಮೇಲೆ ಮುಂದೆಯೇ ನಿಂತಳು. ಐದು ವರ್ಷದಲ್ಲಿ 1 ಕೋಟಿ 70 ಲಕ್ಷ ಪ್ರತಿ ಮಾರಾಟವಾಯಿತು. 2017ರ ಹೊರೈಜನ್ ಜೀರೋ ಡಾನ್ ಕವರ್ ಮೇಲೆ ಬಿಲ್ಲು ಹಿಡಿದ ಹುಡುಗಿ ಆಲಾಯ್ ಒಬ್ಬಳೇ ನಾಯಕಿ. ಅದೂ ಎರಡೇ ವರ್ಷದಲ್ಲಿ 1 ಕೋಟಿ ದಾಟಿತು.

ಇದನ್ನು ಓದಿದಾಗ ನನ್ನ ಕೆಲಸ ನೆನಪಾಯಿತು. ನಾನು ಸಾಫ್ಟ್‌ವೇರ್ ಎಂಜಿನಿಯರ್. ಮೊಬೈಲ್ ಆ್ಯಪ್‌ಗೆ ಎರಡು ಐಕಾನ್ ಮಾಡಿ, ಅರ್ಧ ಜನರಿಗೆ ಒಂದು, ಇನ್ನರ್ಧ ಜನರಿಗೆ ಇನ್ನೊಂದು ತೋರಿಸುತ್ತೇವೆ. ಹೆಚ್ಚು ಜನ ಯಾವುದನ್ನು ಒತ್ತುತ್ತಾರೋ ಅದು ಉಳಿಯುತ್ತದೆ. ಒಂದು ಸಲ ಹೆಣ್ಣಿನ ಮುಖವಿದ್ದ ಐಕಾನ್ ಸೋತಿತು. ತೆಗೆದುಹಾಕಿದ್ದು ನಾನೇ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಥರದ ಆ್ಯಪ್ ಹುಡುಕಿಕೊಂಡು ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ಅಂಗಡಿಗೆ ಬಂದವರನ್ನೇ ಕೇಳಿದರೆ, ಬಾಗಿಲಲ್ಲೇ ನಿಂತು "ಇದು ನಂದಲ್ಲ" ಅಂತ ವಾಪಸ್ ಹೋದವರ ಉತ್ತರ ಸಿಗುವುದು ಹೇಗೆ? ಅವತ್ತು ನನಗೆ ಇದು ಹೊಳೆದಿರಲಿಲ್ಲ. ಹೊಳೆಸಲು ಒಂಬತ್ತು ವರ್ಷದವಳು ಬೇಕಾಯಿತು.

ಹಾಗಾಗಿ ಅಮ್ಮಂದಿರಿಗೆ, ಅಪ್ಪಂದಿರಿಗೆ ಒಂದು ಮಾತು. ಆಟ ಕೊಡಿಸುವಾಗ ಮುಂದಿನ ಚಿತ್ರ ನೋಡಿ ನಿರ್ಧಾರ ಮಾಡಬೇಡಿ. ಕೆಳಗಿನ ಮೂಲೆಯಲ್ಲಿ 3, 7, 12, 16, 18 ಅಂತ ಅಂಕಿ ಇದ್ದರೆ ಅದು ಯುರೋಪಿನ ಪೆಗಿ ವಯಸ್ಸಿನ ಗುರುತು. ಆಟ ಎಷ್ಟು ಕಷ್ಟ ಅಂತಲ್ಲ, ಎಷ್ಟು ವಯಸ್ಸಿನ ಮೇಲಿನವರಿಗೆ ಸರಿ ಅಂತ. ಮೇಲೆ ಹೇಳಿದ ಎಲ್ಲಿಯ ಆಟಕ್ಕೆ 18 ಇದೆ, ಕವರ್ ಮೇಲೆ ಹುಡುಗಿ ಇದ್ದಾಳೆ ಅಂತ ಮಕ್ಕಳಿಗೆ ಕೊಡಿಸಿಬಿಡಬೇಡಿ. ಆಮೇಲೆ ಬಾಕ್ಸ್ ತಿರುಗಿಸಿ. ಹಿಂಸೆ, ಭಯ, ಕೆಟ್ಟ ಮಾತು ಇದ್ದರೆ ಹಿಂದೆ ಗುರುತು ಇರುತ್ತದೆ. ಆಟ ನಿಜಕ್ಕೂ ಹೇಗಿದೆ ಅನ್ನುವ ಚಿಕ್ಕ ಚಿಕ್ಕ ಚಿತ್ರಗಳೂ ಅಲ್ಲೇ ಇರುತ್ತವೆ.

ಅವತ್ತು ನಾವಿಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಬಾಕ್ಸ್ ತಿರುಗಿಸಿ ಓದಿದೆವು. ಅಂಗಡಿ ಹುಡುಗ ವಿಚಿತ್ರವಾಗಿ ನೋಡಿದ, ನೋಡಲಿ. ಕೊನೆಗೆ ಅವಳು ಆರಿಸಿದ್ದು ಕಾರ್ ರೇಸ್. ಹಿಂದಿನ ಚಿತ್ರವೊಂದರಲ್ಲಿ ಹುಡುಗಿ ಕಾರು ಓಡಿಸುತ್ತಿದ್ದಳು.

ಬಿಲ್ ಮಾಡಿಸುವಾಗ ಕೇಳಿದಳು, "ಚಿಕ್ಕಿ, ಒಳಗೆ ಹುಡುಗಿ ಇದ್ದಾಳಲ್ಲ, ಮತ್ತೆ ಮುಂದೆ ಯಾಕೆ ಹಾಕಿಲ್ಲ?"

ಮನೆ ತಲುಪುವ ತನಕ ಉತ್ತರ ಹುಡುಕುತ್ತಲೇ ಇದ್ದೆ. ಅವಳು ಅಷ್ಟರಲ್ಲಿ ಅಣ್ಣನನ್ನು ಎರಡು ಸಲ ಸೋಲಿಸಿದ್ದಳು.