ಗೃಹ ನಿಸ್ತಂತು ಜಾಲದ ಮಿತಿ: ಒಂದು ವಿವೇಚನೆ

ವಿಜಯಪುರ ನಗರದ ಬಾಡಿಗೆಯ ಕೋಣೆಗಳಲ್ಲಿ ತಿಕೋಟಾ, ಬಬಲೇಶ್ವರ ಮೊದಲಾದ ಊರುಗಳಿಂದ ಬಂದ ವಿದ್ಯಾರ್ಥಿಗಳು ಹಲವರು ಕೂಡಿ ಒಂದೇ ವೈಫೈ ರೂಟರನ್ನು ಬಳಸುವುದುಂಟು. ಫೋನುಗಳು ಹೆಚ್ಚಿದಂತೆ ಒಬ್ಬನ ಪಾಠ ನಡುವೆ ನಿಲ್ಲುತ್ತದೆ. ಇನ್ನೊಬ್ಬನ ಪರೀಕ್ಷಾ ಅರ್ಜಿ ಅರ್ಧಕ್ಕೇ ಉಳಿಯುತ್ತದೆ. ಅರ್ಜಿಯ ಕಡೆಯ ದಿನ ಇಂಥ ತಡೆಯೊದಗಿದರೆ ಒಂದು ವರ್ಷವೇ ಕೈಬಿಟ್ಟೀತು. ಈ ತೊಡಕಿಗೆ ಉಪಕರಣಗಳ ಸಂಖ್ಯೆಯೊಂದೇ ಕಾರಣವೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಸಂಖ್ಯೆಗೆ ಮಿತಿ ಇಲ್ಲವೆಂದಲ್ಲ. ಸಾಮಾನ್ಯ ಗೃಹಜಾಲದ ಶ್ರೇಣಿಯಲ್ಲಿ 256 ವಿಳಾಸಗಳಿರುತ್ತವೆ. ಅವುಗಳಲ್ಲಿ ಎರಡು ಕಾದಿರಿಸಿದವು, ಒಂದು ರೂಟರಿನದು, ಉಳಿಯುವುವು 253. ಐ.ಇ.ಇ.ಇ. 802.11 ಎಂಬ ಮಾನಕವಾದರೋ ಒಂದು ಕೇಂದ್ರಕ್ಕೆ 2007 ಉಪಕರಣಗಳವರೆಗೆ ಎಡೆಗೊಡುತ್ತದೆ. ಅಗ್ಗದ ರೂಟರುಗಳ ಸಾಮರ್ಥ್ಯ ಇದಕ್ಕಿಂತ ಬಹಳ ಮೊದಲೇ ಮುಗಿಯುವುದು ನಿಜ. ಆದರೆ ಹತ್ತು ಹನ್ನೆರಡು ಫೋನುಗಳಿರುವ ಕೋಣೆಯಲ್ಲಿ ಮೊದಲು ಒದಗುವ ಕೊರತೆ ಕಾಲದ್ದು.

ಒಂದು ವಾಹಿನಿಯಲ್ಲಿ ಸಾಮಾನ್ಯವಾಗಿ ಒಂದು ಕ್ಷಣಕ್ಕೆ ಒಂದೇ ಉಪಕರಣ ಮಾತನಾಡಬಲ್ಲದು. ಉಳಿದವು ಆಲಿಸುತ್ತ ತಮ್ಮ ಪಾಳಿಗೆ ಕಾಯಬೇಕು. ಬಾವಿನೀರಿನ ಪಾಳಿಯನ್ನು ಬಲ್ಲ ನಮ್ಮ ರೈತರಿಗೆ ಇದು ಹೊಸತಲ್ಲ. ದಪ್ಪ ಕಲ್ಲುಗೋಡೆಯ ಆಚೆಯಿರುವ ಫೋನಿಗೆ ಸಂಕೇತವು ಕ್ಷೀಣಿಸುವುದರಿಂದ ಅದರ ವೇಗ ಕುಗ್ಗುತ್ತದೆ. ಸೆಕೆಂಡಿಗೆ 54 ಮೆಗಾಬಿಟ್ ವೇಗದ ಉಪಕರಣ ಕಳುಹಿಸುವಷ್ಟನ್ನೇ 6 ಮೆಗಾಬಿಟ್ ವೇಗದ್ದು ಕಳುಹಿಸಲು ಸುಮಾರು ಒಂಬತ್ತು ಪಟ್ಟು ಕಾಲ ಹಿಡಿಯುತ್ತದೆ. ಒಬ್ಬನ ನಿಧಾನದ ಬೆಲೆಯನ್ನು ಹೀಗೆ ಎಲ್ಲರೂ ತೆರುತ್ತಾರೆ. ಅಲ್ಲದೆ, ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ಮುಕ್ತವಾದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದನ್ನೊಂದು ಅತಿಕ್ರಮಿಸದಂತೆ ಬಳಸಬಹುದಾದ ವಾಹಿನಿಗಳು 1, 6, 11 ಎಂಬ ಮೂರೇ. ಆದಕಾರಣ ನೆರೆಮನೆಯ ರೂಟರುಗಳೂ ಅನೇಕ ವೇಳೆ ಅದೇ ಪಾಳಿಯಲ್ಲಿ ನಿಲ್ಲುತ್ತವೆ.

ಪರಿಹಾರಕ್ಕೆ ಈ ನಗರದ ಇತಿಹಾಸದಲ್ಲಿಯೇ ಒಂದು ನಿದರ್ಶನವುಂಟು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ನಿರ್ಮಿತವಾದ ಬೇಗಂ ತಲಾಬಿನ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಹರಿದು ನಗರವನ್ನು ಸೇರುತ್ತಿತ್ತು. ನೀರಿನ ದಾರಿಯಲ್ಲಿ ಅಲ್ಲಲ್ಲಿ ನಿಂತ ಗಂಜ್ ಎಂಬ ಗೋಪುರಗಳು ನೀರಿನ ಮೊತ್ತವನ್ನು ಹೆಚ್ಚಿಸಲಿಲ್ಲ. ಒತ್ತಡವನ್ನು ಹದಗೊಳಿಸಿ ಹಂಚಿದವು. ಅಂತೆಯೇ ದೂರದ ಕೋಣೆಗೆ ತಂತಿಯೆಳೆದು ಇನ್ನೊಂದು ಕೇಂದ್ರವನ್ನು ಬೇರೆ ವಾಹಿನಿಯಲ್ಲಿ ಸ್ಥಾಪಿಸುವುದು, ಮೇಜಿನ ಗಣಕಕ್ಕೆ ತಂತಿಯನ್ನೇ ಜೋಡಿಸುವುದು, ಸಮೀಪದ ಫೋನುಗಳನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಸರಿಸುವುದು ಫಲಕಾರಿ. ಹೊರಗಿನಿಂದ ಬರುವ ಸಂಪರ್ಕವೇ ಕಿರಿದಾಗಿದ್ದರೆ ಇವಾವುವೂ ಅದನ್ನು ಹಿರಿದಾಗಿಸಲಾರವು. ಆಗ ಅರ್ಜಿ ತುಂಬುವವನಿಗಾಗಿ ಉಳಿದವರು ತಮ್ಮ ವಿಡಿಯೋಗಳನ್ನು ನಿಲ್ಲಿಸಿ, ರೂಟರಿನ ಹತ್ತಿರದ ಸ್ಥಳವನ್ನು ಅವನಿಗೆ ಬಿಟ್ಟುಕೊಡುವುದೇ ವೆಚ್ಚವಿಲ್ಲದ ಉಪಾಯ.