ಯಂತ್ರ ತಿದ್ದುವ ಉತ್ತರ, ಮೇಷ್ಟರು ತಿದ್ದುವ ಉತ್ತರ

ಶಾಲೆಯಲ್ಲಿ ನಮ್ಮ ಉತ್ತರಪತ್ರಿಕೆಯನ್ನು ತಿದ್ದುವವರು ಉಪಾಧ್ಯಾಯರು. ಕೆಂಪು ಮಸಿಯ ಗುರುತು, ಅಂಚಿನಲ್ಲಿ ಬರೆದ ಅರ್ಧ ಅಂಕ, ಕೊನೆಗೆ ಒಟ್ಟು ಮೊತ್ತ, ಇವೆಲ್ಲ ನಮಗೆ ಪರಿಚಿತವೇ. ಆದರೆ ಅವಲಪಲ್ಲಿ, ಹೊಸೂರು ಕಡೆಯಿಂದ ಮುಂದೆ ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಕಲಿಕೆಯನ್ನು ಅಳೆಯುವುದರಲ್ಲಿ ಈಗ ಯಂತ್ರಕ್ಕೂ ಪಾಲಿದೆ. ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಮೊದಲೇ ತಿಳಿದಿರಬೇಕು.

ಇಂತಹ ಯಂತ್ರವನ್ನು ರೂಪಿಸಿದವರಲ್ಲಿ ಹೆಸರಾದ ರೆನಾಲ್ಡ್ ಜಾನ್ಸನ್ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೈಸ್ಕೂಲು ಉಪಾಧ್ಯಾಯರಾಗಿದ್ದರೆಂಬುದು ಸ್ವಾರಸ್ಯದ ಸಂಗತಿ. (ತಿದ್ದುವ ಕಷ್ಟ ತಿದ್ದುವವರಿಗಲ್ಲದೆ ಇನ್ನಾರಿಗೆ ಗೊತ್ತು!) ಪೆನ್ಸಿಲಿನ ಗ್ರಾಫೈಟ್ ವಿದ್ಯುದ್ವಾಹಕ. ಸರಿಯುತ್ತರದ ಜಾಗದಲ್ಲಿ ಗುರುತಿದ್ದರೆ ವಿದ್ಯುತ್ ಹರಿಯುತ್ತದೆ, ಮಾಪಕದ ಮುಳ್ಳು ಅಂಕವನ್ನು ತೋರಿಸುತ್ತದೆ. 1930ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆ ಇದನ್ನು ಬಳಕೆಗೆ ತಂದಿತು. ಇಂದಿನ ಒ.ಎಂ.ಆರ್. ಹಾಳೆಯಲ್ಲಿ ವಿದ್ಯುತ್ತಿನ ಬದಲು ಬೆಳಕು ಆ ಕೆಲಸ ಮಾಡುತ್ತದೆ. ಕಪ್ಪಾಗಿ ತುಂಬಿದ ವೃತ್ತದಿಂದ ಕಡಿಮೆ ಬೆಳಕು ಹಿಂದಿರುಗುವುದರಿಂದ ಯಾವುದನ್ನು ತುಂಬಿದ್ದೀರಿ ಎಂದು ಯಂತ್ರಕ್ಕೆ ತಿಳಿಯುತ್ತದೆ.

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೇ ನೋಡೋಣ. 2025ರಲ್ಲಿ 180 ಪ್ರಶ್ನೆಗಳು, ಒಟ್ಟು 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಡಿತ. ಏನೂ ತಿಳಿಯದೆ ನಾಲ್ಕರಲ್ಲೊಂದನ್ನು ಕುರುಡಾಗಿ ತುಂಬುವವನಿಗೆ 4 ಪ್ರಶ್ನೆಗಳಲ್ಲಿ ಸರಾಸರಿ 1 ಸರಿ, 3 ತಪ್ಪು; 4 ಬಂದು 3 ಹೋಗಿ ಉಳಿಯುವುದು 1 ಅಂಕ. ಎರಡು ಉತ್ತರಗಳು ಖಂಡಿತ ತಪ್ಪೆಂದು ಬಲ್ಲವನಿಗೆ ಅದೇ 4 ಪ್ರಶ್ನೆಗಳಲ್ಲಿ ಸರಾಸರಿ 6 ಅಂಕ. ಅಂದರೆ ಅರೆ ತಿಳಿವಳಿಕೆಗೂ ಬೆಲೆಯುಂಟು. ಆದರೆ ಲೆಕ್ಕ ಮಾಡಿ ತುಂಬಿದ ವೃತ್ತಕ್ಕೂ ಊಹಿಸಿ ತುಂಬಿದ ವೃತ್ತಕ್ಕೂ ಯಂತ್ರದ ಕಣ್ಣಿಗೆ ಭೇದವಿಲ್ಲ. ಹತ್ತು ಸಾಲಿನ ಲೆಕ್ಕದಲ್ಲಿ ಒಂಬತ್ತು ಸಾಲು ಸರಿಯಾಗಿ ಮಾಡಿ ಕೊನೆಯಲ್ಲಿ ಎಡವಿದರೆ, ಮೇಷ್ಟರು ಆ ಒಂಬತ್ತು ಸಾಲಿಗೆ ಅಂಕ ಕೊಡುತ್ತಾರೆ. ಯಂತ್ರ ಇದ್ದ ಅಂಕದಲ್ಲೂ ಒಂದನ್ನು ಕಳೆಯುತ್ತದೆ.

ಗಡಿಯ ಮಕ್ಕಳಿಗೆ ಮತ್ತೊಂದು ತೊಡಕಿದೆ. 2025ರ ನೀಟ್ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯಿತು; ಕನ್ನಡದ ಪ್ರಶ್ನೆಪತ್ರಿಕೆಯಾದರೋ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹೊಸೂರಿನ ವಿದ್ಯಾರ್ಥಿ ತಮಿಳುನಾಡಿನ ಕೇಂದ್ರವನ್ನು ಆರಿಸಿದರೆ ಕನ್ನಡ ಪತ್ರಿಕೆ ದೊರೆಯದು. ಆದ್ದರಿಂದ ಅರ್ಜಿ ತುಂಬುವಾಗಲೇ ಆ ವರ್ಷದ ನಿಯಮವನ್ನು ಓದಿ ಕೇಂದ್ರವನ್ನು ಆರಿಸಬೇಕು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಈಗಿನಿಂದಲೇ ನೋಟ್ ಪುಸ್ತಕದಲ್ಲಿ ವೇಗೋತ್ಕರ್ಷದ ಪಕ್ಕದಲ್ಲಿ ಆಕ್ಸಿಲರೇಶನ್ ಎಂದು ಬರೆದಿಟ್ಟುಕೊಂಡರೆ ಆಗ ಪೇಚಾಟವಿಲ್ಲ.

ಕಾಲೇಜು ಸೇರಿದ ಮೇಲೆ ಯಂತ್ರದ ಕೆಲಸ ಬೇರೆ ಬಗೆಯದು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2010ರ ದಶಕದಲ್ಲಿ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸತೊಡಗಿತು. ಓದಿ ಅಂಕ ಕೊಡುವವರು ಅಧ್ಯಾಪಕರೇ. ಕೂಡುವುದು ಮಾತ್ರ ಯಂತ್ರ. ಇದು ಒಳ್ಳೆಯ ಹಂಚಿಕೆಯೆಂದು ನನ್ನ ಅಭಿಪ್ರಾಯ. ನೂರಾರು ಪತ್ರಿಕೆ ತಿದ್ದಿ ದಣಿದ ಮನುಷ್ಯ ಕೂಡುವುದರಲ್ಲಿ ತಪ್ಪುತ್ತಾನೆ, ಯಂತ್ರ ತಪ್ಪದು. ಹಾಗೆಂದು ಪೂರ್ವಸಿದ್ಧತೆ ಬೇಡವೆಂದಲ್ಲ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಇದೇ ಪದ್ಧತಿಯನ್ನು ಆತುರದಿಂದ ತಂದಿತು. ಫಲಿತಾಂಶಗಳು ತಿಂಗಳುಗಟ್ಟಲೆ ತಡವಾಗಿ, ಆ ಅಕ್ಟೋಬರಿನಲ್ಲಿ ಉಪಕುಲಪತಿಗಳನ್ನೇ ಹುದ್ದೆಯಿಂದ ತೆಗೆಯಲಾಯಿತು.

ಅಂಕದ ಬಗ್ಗೆ ಸಂದೇಹ ಬಂದರೆ ಸುಮ್ಮನಿರಬೇಕಾಗಿಲ್ಲ. ತಿದ್ದಿದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಕಾಯಿದೆಯಡಿ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿದೆ. ಅರ್ಜಿಯನ್ನು ಬಿಳಿಹಾಳೆಯ ಮೇಲೆ ಕೈಯಲ್ಲಿ ಬರೆದರೂ ಸಾಕು.